ಮುಟ್ಟಬ್ಯಾಡ್ರಿ ಅಂದ ಬೆಸುಗೆ

ಸಮಾಧಾನ ಅಂತ ಹೆಸರಿಟ್ಟವರು ಆ ಕೂಸಿನ ಮುಖ ಸರಿಯಾಗಿ ನೋಡಿರಲಿಕ್ಕಿಲ್ಲ. ಆ ಹೆಸರಿನಲ್ಲಿ ಇರುವುದರ ಕಾಲು ಭಾಗವೂ ಅವನ ಸ್ವಭಾವದಲ್ಲಿ ಇರಲಿಲ್ಲ. ನಿಪ್ಪಾಣಿಯಿಂದ ಕೊಗನೊಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಹಳೇ ಜೀಪು, ಹಳೇ ಲಾರಿಗಳನ್ನು ಬಿಚ್ಚಿ ಹೊಸ ರೂಪ ಕೊಡುವ ಗ್ಯಾರೇಜು ಅವನದು. ಕೆಲಸಗಾರ ಒಳ್ಳೆಯವನೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಚಿಕ್ಕೋಡಿಯಲ್ಲಿ ಯಾರೋ ಒಂದು ಜೀಪಿಗೆ ಚೆಂದದ ಬಂಪರ್ ಮಾಡಿದರು ಅಂತ ಸುದ್ದಿ ಬಂದರೆ ಸಾಕು, ಇವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಅಂಥವನ ಬಾಗಿಲಿಗೆ ಒಂದು ಬೆಳಿಗ್ಗೆ, ಟ್ರೇಲರ್ ಮೇಲೆ ಹಗ್ಗ ಬಿಗಿಸಿಕೊಂಡು ಒಂದು ಹಳೇ ಫಾರ್ಗೋ ಲಾರಿ ಬಂದು ನಿಂತಿತು. ಉದ್ದ ಮೂಗಿನ ಗಾಡಿ. ಹಿಂದೊಂದು ಕಾಲಕ್ಕೆ ಈ ಸೀಮೆಯ ತಂಬಾಕಿನ ಮೂಟೆ, ಬೆಲ್ಲದ ಪೆಂಟಿ ಎಲ್ಲ ಹೊತ್ತದ್ದು. ಈಗ ಯಾರೋ ಅದನ್ನು ಗಿಡ್ಡ ಮಾಡಿ ಪಿಕಪ್ ಮಾಡಲು ಹೊರಟಿದ್ದರು. ಕ್ಯಾಬಿನ್ನಿನ ನಾಲ್ಕೂ ಕಂಬ ಕೊಯ್ದು, ಛಾವಣಿಯನ್ನು ನಾಲ್ಕು ಬೆರಳು ಕೆಳಗಿಳಿಸಿ, ಮತ್ತೆ ಬೆಸೆದಿದ್ದರು. ಇಡೀ ಗಾಡಿಗೆ ಹುಬ್ಬು ಗಂಟಿಕ್ಕಿ ನೋಡುವ ಒಂದು ಗತ್ತು ಬಂದಿತ್ತು.

ಸಮಾಧಾನ ಹತ್ತಿರ ಹೋದ. ಡ್ರೈವರ್ ಕಡೆಯ ಮುಂದಿನ ಕಂಬದ ಮೇಲಿನ ಬೆಸುಗೆ ನೋಡಿದ. ಅಲ್ಲೇ ನಿಂತುಬಿಟ್ಟ.

ಗೋದಿ ತೆನೆಯಂತಿತ್ತು ಆ ಬೆಸುಗೆ. ಒಂದು ಕಾಳಿನ ಮೇಲೆ ಇನ್ನೊಂದು ಕಾಳು ಒರಗಿದ ಹಾಗೆ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆ ಇಲ್ಲ. ಹಳೇ ತೆಳು ತಗಡು, ಸ್ವಲ್ಪ ಹೆಚ್ಚು ಬಿಸಿಯಾದರೆ ತೂತು ಬೀಳುವಂಥದ್ದು. ಅದರ ಮೇಲೆ ಇಷ್ಟು ತಣ್ಣಗೆ ಯಾರು ಕೈ ಆಡಿಸಿದರು? ತನ್ನಿಂದ ಆಗುತ್ತಿತ್ತಾ? ಇಲ್ಲ. ಖಂಡಿತ ಆಗುತ್ತಿರಲಿಲ್ಲ.

"ಅದನ್ನೊಂದು ಮುಟ್ಟಬ್ಯಾಡ್ರಿ."

ದನಿ ಆಚೆ ಕಡೆಯಿಂದ ಬಂತು. ಛಾವಣಿ ಇಳಿಸಿದ್ದರಿಂದ ಕಿಟಕಿ ಬಲು ಸಣ್ಣದಾಗಿತ್ತು. ಬಗ್ಗಿ ನೋಡಿದ. ಈ ಕಿಟಕಿ ದಾಟಿ, ಆ ಕಿಟಕಿಯ ಸಂದಿನಲ್ಲಿ ಎರಡು ಕಣ್ಣು ಮಾತ್ರ ಕಂಡವು. ಮುಖವಿಲ್ಲ, ಬಾಯಿಲ್ಲ, ಬರೀ ಕಣ್ಣು. ಇವನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದವೋ.

"ಎಂಜಿನ್ ನೋಡ್ರಿ, ಬ್ರೇಕ್ ನೋಡ್ರಿ, ವೈರಿಂಗ್ ಎಲ್ಲಾ ಹೊಸಾದು ಮಾಡ್ರಿ. ಪೇಂಟ್ ಹೊಡಿಯೂ ಮುಂದ ಆ ಜಾಯಿಂಟ್ ಹಂಗ ಬಿಡ್ರಿ. ಮ್ಯಾಲ ಬರೇ ಲ್ಯಾಕರ್. ಬೆಸುಗಿ ಕಾಣಬೇಕು," ಅಂದಿತು ದನಿ.

ಆಮೇಲೆ ಕಣ್ಣಿನ ಒಡತಿ ಸುತ್ತು ಹಾಕಿ ಈ ಕಡೆ ಬಂದಳು. ಹೆಸರು ಪೂನಮ. ಕಾಗವಾಡದ ಹತ್ತಿರ ಶಿರಗುಪ್ಪಿಯವಳು, ಕಬ್ಬು-ದ್ರಾಕ್ಷಿ ಇದ್ದ ಮನೆಯವಳು. ಗಾಡಿ ಅವಳ ಅಜ್ಜನದು. ಸದ್ಯ ನಿಪ್ಪಾಣಿಯಲ್ಲೇ ಅಕ್ಕನ ಮನೆಯಲ್ಲಿ ಇದ್ದೀನಿ ಅಂದಳು. ಯಾಕೆ ಅಂತ ಹೇಳಲಿಲ್ಲ. ಸಮಾಧಾನನೂ ಕೇಳಲಿಲ್ಲ. ಅವನು ಆಗಲೇ ಅರ್ಧ ಮುಳುಗಿದ್ದ. ಕಿಟಕಿಯ ಸಂದಿನಲ್ಲಿ ಕಂಡ ಆ ಕಣ್ಣುಗಳನ್ನು ಮುಖದ ಮೇಲೆ ಇಟ್ಟು ನೋಡುವುದರಲ್ಲೇ ಅವನ ಬುದ್ಧಿ ಖರ್ಚಾಗಿತ್ತು.

ಯಾಕೆ ಅನ್ನುವುದನ್ನು ಹೇಳಿದವನು ನಬಿಸಾಬ. ಪಕ್ಕದ ಶೆಡ್ಡಿನಲ್ಲಿ ಜೀಪಿನ ಹುಡ್, ಸೀಟಿನ ಕುಷನ್ ಹೊಲಿಯುವ ಮುದುಕ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮೂರು ತಾಲೂಕಿನ ಸುದ್ದಿ ಹೇಳಬಲ್ಲವನು. ಆ ಹುಡುಗಿಗೆ ಅಥಣಿಯ ಮಲ್ಲೇಶ ಅನ್ನುವವನ ಜೊತೆ ನಿಶ್ಚಯ ಆಗಿತ್ತಂತೆ. ಅವನಿಗೂ ಹಳೇ ಗಾಡಿಗಳ ಹುಚ್ಚು, ಇನ್‌ಸ್ಟಾದಲ್ಲಿ ದೊಡ್ಡ ಹೆಸರಂತೆ. ಫಾರ್ಗೋ ಅವನ ಶೆಡ್ಡಿನಲ್ಲೇ ತಯಾರಾಗುತ್ತಿತ್ತಂತೆ. ನಡುವೆ ಏನಾಯಿತೋ, ನಿಶ್ಚಯ ಮುರಿಯಿತು, ಗಾಡಿ ಎತ್ತಿಸಿಕೊಂಡು ಬಂದಳಂತೆ. ಊರ ಬಾಯಿ ತಣ್ಣಗಾಗಲಿ ಅಂತ ಅಕ್ಕನ ಮನೆಯಲ್ಲಿ ಇಟ್ಟಿದ್ದಾರಂತೆ.

ಸಮಾಧಾನ ಕೈ ಒರೆಸಿಕೊಂಡು ಫೋನ್ ತೆಗೆದ. ಮಲ್ಲೇಶನ ಪೇಜು ಸಿಕ್ಕಿತು. ಎತ್ತರದ ಆಳು, ಗಡ್ಡ ಟ್ರಿಮ್ಮು, ಕಣ್ಣಿಗೆ ಗಾಗಲು. ಒಂದು ರೀಲಿನಲ್ಲಿ ಇದೇ ಫಾರ್ಗೋದ ಇಳಿಸಿದ ಛಾವಣಿಯ ಮೇಲೆ ಮೊಣಕೈ ಊರಿ, ಕೈಯಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿದು, ಕ್ಯಾಮೆರಾಕ್ಕೆ ನಗುತ್ತಾನೆ. ಕೆಳಗೆ ಬರೆದದ್ದು: ಎಲ್ಲಾ ನನ್ನ ಕೈಯಾರೆ ಮಾಡಿದ್ದು.

ಹಾಗಾದರೆ ಆ ಗೋದಿ ತೆನೆ ಇವನದು. ಆ ಹುಡುಗಿ ಮುಟ್ಟಬ್ಯಾಡ್ರಿ ಅಂದದ್ದು ಇದಕ್ಕೆ. ಬಿಟ್ಟು ಬಂದರೂ ಅವನ ಕೈಯ ಗುರುತು ಬೇಕು ಆಕೆಗೆ, ಲ್ಯಾಕರ್ ಹಚ್ಚಿ ಕಾಪಾಡಬೇಕು. ಸಮಾಧಾನ ಫೋನನ್ನು ಸ್ಪ್ಯಾನರುಗಳ ಡಬ್ಬಿಗೆ ಒಗೆದ.

ನೋಡ್ರಿ, ಒಬ್ಬನ ರೂಪ ಕಂಡು ಹೊಟ್ಟೆ ಉರಿಯುವುದು ಒಂದು ಥರ, ಒಬ್ಬನ ಕೆಲಸ ಕಂಡು ಉರಿಯುವುದು ಇನ್ನೊಂದು ಥರ. ಸಮಾಧಾನನಿಗೆ ಎರಡೂ ಕೂಡಿ ಬಂದಿದ್ದವು.

ಪೂನಮ ಬರತೊಡಗಿದಳು. ಮೊದಮೊದಲು ಕೆಲಸ ಎಲ್ಲಿಗೆ ಬಂತು ನೋಡಲು. ಆಮೇಲೆ ಆ ನೆಪವೂ ಬೇಕಾಗಲಿಲ್ಲ. ಅಕ್ಕನ ಮನೆಯಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ನಬಿಸಾಬನಿಗೂ ಒಂದು ಪಾಲು ಇರುತ್ತಿತ್ತು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಹೋಗುತ್ತಿದ್ದರೆ, ಒಳಗೆ ಇವಳು ಹಳೇ ಟೈರಿನ ಮೇಲೆ ಕೂತು ಇವನ ಕೆಲಸ ನೋಡುತ್ತಿದ್ದಳು. ಗಾಡಿಯ ಕೆಳಗಿನಿಂದ ಇವನು ಕೈ ಚಾಚಿದರೆ, ಕೇಳುವ ಮೊದಲೇ ಬೇಕಾದ ಸ್ಪ್ಯಾನರು ಕೈಗೆ ಬರುತ್ತಿತ್ತು. ಚಂದಗೆ ಬೆಳೆಸಿದ ಹುಡುಗಿ, ಕೊಡುವುದು, ತಗೊಳ್ಳುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ. ಎಡಗೈ ಯಾವಾಗಲೂ ಓಢಣಿಯ ಮರೆಯಲ್ಲಿ. ಚಹಾದ ಗ್ಲಾಸು ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಗ್ಲಾಸನ್ನೇ ನೋಡುತ್ತಿದ್ದರು, ಗ್ಲಾಸಿನಲ್ಲಿ ಏನೋ ಬಿದ್ದಿದೆ ಅನ್ನುವ ಹಾಗೆ.

ಒಮ್ಮೆ ಓಢಣಿ ಸರಿದಾಗ ಅವಳ ಮುಂಗೈ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆ ಕಂಡವು. ರೊಟ್ಟಿ ಹಂಚು ಬಲು ಕಾಯಿಸ್ತೀರಿ ಅಂತ ಕಾಣ್ತೈತಿ ಅಂತ ಇವನು ಕಾಡಿದ. ಅವಳು ಒಂದು ಕ್ಷಣ ಇವನ ಮುಖವನ್ನೇ ನೋಡಿದಳು, ನಗು ತಡೆದುಕೊಂಡು ತುಟಿ ಕಚ್ಚಿದಳು, ಹೌದ್ರಿ, ನನಗ ಬೆಂಕಿ ಹತೋಟಿಗೆ ಬರೂದಿಲ್ಲ ಅಂದಳು. ಹಾಗೆ ತುಟಿ ಕಚ್ಚಿದ್ದನ್ನು ಅವನು ಎರಡು ದಿನ ನೆನೆಸಿಕೊಂಡ.

ಇಷ್ಟೇ ಆಗಿದ್ದರೆ ಸುಖವಾಗಿರುತ್ತಿತ್ತು. ಆದರೆ ಹೊರಡುವ ಮುಂಚೆ ಪ್ರತಿ ಸಲ ಅವಳು ಕ್ಯಾಬಿನ್ನಿನ ಹತ್ತಿರ ಹೋಗುತ್ತಿದ್ದಳು. ಆ ಕಂಬದ ಬೆಸುಗೆಯ ಮೇಲೆ ಬೆರಳು ಆಡಿಸುತ್ತಿದ್ದಳು, ಒಂದು ತುದಿಯಿಂದ ಇನ್ನೊಂದು ತುದಿಗೆ, ಮೆಲ್ಲಗೆ. ಮುಖದ ಮೇಲೆ ಏನೋ ಬಂದು ಹೋಗುತ್ತಿತ್ತು. ಆ ಬೆರಳು ಕಂಡಾಗಲೆಲ್ಲ ಸಮಾಧಾನನಿಗೆ ಎದೆಯೊಳಗೆ ಬೆಂಕಿ ಬೀಳುತ್ತಿತ್ತು. ಅವನ ಕೈ ನೆನಪಾಗುತ್ತಿರಬೇಕು ಆಕೆಗೆ. ನಾನಿಲ್ಲಿ ಗ್ರೀಸು ಬಳಿದುಕೊಂಡು ಅವಳ ಗಾಡಿಗೆ ಜೀವ ಕೊಡುವುದು, ಅವಳು ಅಲ್ಲಿ ಅವನ ಬೆಸುಗೆ ಸವರುವುದು.

ಒಂದು ದಿನ ತಡೆಯಲಾರದೆ, ಅವಳ ಮನಸ್ಸು ನೋಡೋಣ ಅಂತ, ಇವನೇ ಬಾಯಿ ಬಿಟ್ಟ. ಈ ಜಾಯಿಂಟ್ ಮಾಡಿದವರ ಕೈ ಛಲೋ ಐತಿ ಅಂದ.

ಪೂನಮ ತಿರುಗಿದಳು. "ಖರೇನ?"

"ಖರೇ. ಇಂಥಾ ಕೈ ನಾ ನೋಡಿಲ್ಲ."

ಅವಳ ಮುಖ ಕೆಂಪಾಯಿತು. ಕತ್ತಿನವರೆಗೂ ಕೆಂಪಾಯಿತು. ಕಣ್ಣು ಕೆಳಗೆ ಹಾಕಿ, ಟಿಫಿನ್ ಡಬ್ಬಿ ಅಲ್ಲೇ ಮರೆತು, ಬರ್ತೀನ್ರಿ ಅಂತ ಹೊರಟೇ ಹೋದಳು. ಮುಗಿಯಿತಲ್ಲ, ಅಂದುಕೊಂಡ ಸಮಾಧಾನ. ಅವನನ್ನು ಹೊಗಳಿದರೆ ಈಕೆ ಕೆಂಪಾಗುತ್ತಾಳೆ. ಇನ್ನೇನು ಸಾಕ್ಷಿ ಬೇಕು?

ಆವತ್ತಿನಿಂದ ಅವನಿಗೆ ಒಂದು ಹಟ ಬಂತು. ಬೆಳಿಗ್ಗೆ ಬೇಗ ಬಂದು, ಗುಜರಿ ತಗಡು ಹಾಸಿಕೊಂಡು, ಆ ಗೋದಿ ತೆನೆಯನ್ನು ತಾನೂ ತೆಗೆಯಲು ಕೂತ. ಮೂಲ ಬೆಸುಗೆಯ ಎದುರು ಮೊಣಕಾಲೂರಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ ನೋಡಿ ಬಂದು ಮಾಡುತ್ತಿದ್ದ. ಆ ಕೈಯ ಗುಣ ಒಂದೊಂದೇ ತಿಳಿಯತೊಡಗಿತು. ಅವಸರ ಇಲ್ಲದ ಕೈ. ತಿರುವು ಬಂದಲ್ಲಿ ಒಂದು ಗಳಿಗೆ ಉಸಿರು ತಗೊಂಡು ಮುಂದೆ ಹೋದ ಕೈ. ತಪ್ಪಿದ ಒಂದು ಜಾಗವನ್ನು ಮುಚ್ಚಿಡದೆ, ಹಾಗೇ ಬಿಟ್ಟ ಕೈ. ಅಲೆಗಳೆಲ್ಲ ಬಲದಿಂದ ಎಡಕ್ಕೆ ಹರಿದಿದ್ದವು. ಎಡಗೈ ಮನುಷ್ಯ ಅಂತ ಗುರುತು ಹಿಡಿದ. ರೀಲು ತೆಗೆದು ನೋಡಿದ, ಹೌದು, ಮಲ್ಲೇಶ ಟಾರ್ಚ್ ಹಿಡಿದದ್ದು ಎಡಗೈಯಲ್ಲೇ. ಕೆಟ್ಟವನೇ ಇರಬೇಕು ಅಂತ ಎಷ್ಟು ಬಯಸಿದರೂ ಆ ಬೆಸುಗೆ ಒಬ್ಬ ಒಳ್ಳೆಯ ಮನುಷ್ಯನದೇ ಆಗಿ ಕಾಣುತ್ತಿತ್ತು. ಅದೇ ಅವನಿಗೆ ಸಹಿಸಲಾಗದ್ದು.

"ಬೇಟಾ," ಅಂದ ನಬಿಸಾಬ ಒಂದು ದಿನ, ಸೂಜಿ ಬಾಯಿಂದ ತೆಗೆದು, "ರೇಡಿಯೇಟರ್ ಹೊಸಾದು ಹಾಕಿದಿ ಅಂತಿ. ಹೊಗಿ ಮಾತ್ರ ನಿನ್ನ ಕಿವಿಯಾಗಿಂದ ಬರಾಕತ್ತೈತಿ. ಆಕಿನ್ನ ಕೇಳಿಬಿಡು ಒಂದ ಸಲ."

ಏನಂತ ಕೇಳುವುದು? ಅವನು ಇನ್ನೂ ನಿಮ್ಮ ಮನಸ್ಸಿನಲ್ಲಿ ಇದ್ದಾನಾ ಅಂತ? ಹೌದು ಅಂದುಬಿಟ್ಟರೆ? ಸಮಾಧಾನ ಕೇಳಲಿಲ್ಲ. ಕೇಳದೆ ಉರಿಯುವುದು ಅವನಿಗೆ ಹೆಚ್ಚು ಸುಲಭವಾಗಿತ್ತು.

ಎಂಜಿನ್ ಮೊದಲ ಸಲ ಶುರುವಾದ ವಾರ ಮಲ್ಲೇಶನೇ ಬಂದ. ಪೂನಮ ಇರಲಿಲ್ಲ. ರಸ್ತೆ ಬದಿ ದೊಡ್ಡ ಬಿಳಿ ಗಾಡಿ ನಿಲ್ಲಿಸಿ, ತನ್ನದೇ ಅಂಗಳ ಅನ್ನುವ ಹಾಗೆ ಒಳಗೆ ನಡೆದ. ಸಮಾಧಾನನ ಭುಜ ತಟ್ಟಿ, ಛಲೋ ನಡದೈತಿ ಕೆಲಸ ಅಂದ. ಕೊಲ್ಲಾಪುರದಲ್ಲಿ ಹಳೇ ಗಾಡಿಗಳ ಮೇಳ ಇದೆ, ಅಲ್ಲಿ ಈ ಫಾರ್ಗೋ ನಿಲ್ಲಿಸುತ್ತೀನಿ ಅಂತ ಫಾಲೋವರ್ಸಿಗೆ ಮಾತು ಕೊಟ್ಟಿದ್ದೀನಿ ಅಂದ. ಸಮಾಧಾನ ಕೈಯಲ್ಲಿದ್ದ ಬೋಲ್ಟನ್ನು ಮತ್ತೆ ಮತ್ತೆ ತಿರುವುತ್ತಿದ್ದ.

ಮಲ್ಲೇಶ ಕಂಬದ ಮೇಲೆ ಅಂಗೈ ಇಟ್ಟ.

"ಪೂನಮ ಸಿಟ್ಟಿಗೆದ್ದಾಳ, ಇಳಿತಾಳ. ಈ ಗಾಡಿ ರೆಡಿ ಆದ ದಿವಸ ನನ್ನ ಕಡೆ ಬರ್ತಾಳ, ನೋಡಾಕತ್ತಿರ್ರಿ. ಇದರಾಗ ನಮ್ಮಿಬ್ಬರದೂ ಜೀವ ಐತಿ."

ಒಂದು ಸೆಲ್ಫಿ ಹೊಡೆದುಕೊಂಡು ಹೊರಟುಹೋದ. ಅವನ ಗಾಡಿಯ ಧೂಳು ಇನ್ನೂ ಇಳಿದಿರಲಿಲ್ಲ, ಸಮಾಧಾನ ಗ್ರೈಂಡರ್ ಎತ್ತಿಕೊಂಡಿದ್ದ.

ಕೈಗೆ ಒಂದು ನೆಪವೂ ಇತ್ತು. ಪೇಂಟಿನ ಮುಂಚೆ ಬೆಸುಗೆ ಉಜ್ಜಿ ನುಣ್ಣಗೆ ಸಾಪ ಮಾಡುವುದು ಎಲ್ಲ ಗ್ಯಾರೇಜಿನ ಪದ್ಧತಿ. ಅದನ್ನೇ ಮನಸ್ಸಿಗೆ ಹೇಳಿಕೊಳ್ಳುತ್ತ ಡಿಸ್ಕು ಒತ್ತಿದ. ಕಿಡಿ ಹಾರಿದವು. ಮೊದಲ ಕಾಳು ಹೋಯಿತು, ಎರಡನೇದು ಹೋಯಿತು. ಆಮೇಲೆ ಅದು ಸಾಪ ಮಾಡುವ ಕೆಲಸವಾಗಿ ಉಳಿಯಲಿಲ್ಲ. ಸಿಟ್ಟಿನ ಭರದಲ್ಲಿ ಡಿಸ್ಕು ತಗಡಿನೊಳಗೇ ಇಳಿಯಿತು. ನಿಲ್ಲಿಸಿದಾಗ ಡ್ರೈವರ್ ಕಡೆಯ ಕಂಬದಲ್ಲಿ ಬೆಸುಗೆ ಇರಲಿಲ್ಲ, ಬೆರಳು ತೂರುವಷ್ಟು ಸೀಳು ಬಾಯಿ ತೆರೆದಿತ್ತು. ಸುಖ ಆಗಬೇಕಿತ್ತು, ಆಗಲಿಲ್ಲ. ಒಂದು ಜೀವ ತೆಗೆದ ಹಾಗಾಗಿತ್ತು.

ಸಂಜೆಯ ಮುಂಚೆ ಪೂನಮ ಬಂದಳು. ಡಬ್ಬಿ ಕೆಳಗಿಟ್ಟಳು. ಕಂಬ ನೋಡಿದಳು. ಪಕ್ಕದ ಶೆಡ್ಡಿನಲ್ಲಿ ನಬಿಸಾಬನ ಹೊಲಿಗೆ ಮಷಿನ್ ನಿಂತಿತು.

"ಯಾಕ ಕೊರದ್ರಿ?"

ಸಮಾಧಾನ ಪೇಂಟಿನ ಮಾತು ಎತ್ತಿದ. ಸಾಪ ಇಲ್ಲದಿದ್ದರೆ ಬಣ್ಣ ಕೂಡುವುದಿಲ್ಲ ಅಂದ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಮತ್ತೆ ಅದನ್ನೇ ಕೇಳಿದಳು, ಈ ಸಲ ಇನ್ನೂ ಮೆಲ್ಲಗೆ. ಆಗ ಅವನ ಕಟ್ಟೆ ಒಡೆಯಿತು.

"ಹೊಟ್ಟಿಕಿಚ್ಚು," ಅಂದ. "ಆ ಮನಶ್ಯಾನ ಕೈ ನನ್ನ ಕಣ್ಣ ಮುಂದ ಬ್ಯಾಡಾಗಿತ್ತು. ದಿನಾ ನೀವು ಅದನ್ನ ಸವರತೀರಿ. ನನಗ ನೋಡಾಕ ಆಗವಲ್ದು."

"ಯಾವ ಮನಶ್ಯಾ?"

"ಇನ್ನ್ಯಾವ? ನಿಮ್ಮ ಮಲ್ಲೇಶ."

ಪೂನಮ ನಗಲಿಲ್ಲ, ಅಳಲಿಲ್ಲ. ಬಳೆ ತೆಗೆದು ಡಬ್ಬಿಯ ಮೇಲಿಟ್ಟಳು. ಓಢಣಿ ಸೊಂಟಕ್ಕೆ ಬಿಗಿದಳು. ಗುಜರಿ ತಗಡು ಎರಡು ತುಂಡು ಜೋಡಿಸಿದಳು, ಮಷಿನ್ನಿನ ಗುಬುಟ ತಿರುವಿ ಕರೆಂಟು ಇಳಿಸಿದಳು, ಮುಖಕ್ಕೆ ಶೀಲ್ಡು ಹಾಕಿಕೊಂಡಳು. ಟಾರ್ಚ್ ಎತ್ತಿಕೊಂಡದ್ದು ಎಡಗೈಯಲ್ಲಿ.

ಶೆಡ್ಡೆಲ್ಲ ನೀಲಿ ಬೆಳಕಾಯಿತು. ಸಮಾಧಾನ ಕಣ್ಣಿಗೆ ಕೈ ಅಡ್ಡ ಹಿಡಿದ. ಬೆಳಕು ಆರಿದ ಮೇಲೆ ನೋಡಿದ. ತಗಡಿನ ಮೇಲೆ, ಬಲದಿಂದ ಎಡಕ್ಕೆ, ಕಾಳಿನ ಮೇಲೆ ಕಾಳು ಒರಗಿದ ಅದೇ ತೆನೆ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

ಅವಳು ಶೀಲ್ಡು ತೆಗೆದು ಹೇಳಿದ್ದು ಇಷ್ಟು. ಶಿರಗುಪ್ಪಿಯಲ್ಲಿ ಅವಳ ಸೋದರಮಾವ ಜಕ್ಕಪ್ಪ ಕಬ್ಬಿನ ಟ್ರೇಲರ್ ಮಾಡುತ್ತಾನೆ. ಸಣ್ಣಾಕಿ ಇದ್ದಾಗಿಂದ ಆ ಶೆಡ್ಡಿನಲ್ಲೇ ಕಲಿತದ್ದು. ಎಡಗೈಯಲ್ಲಿ ಉಂಡರೆ, ಕೊಟ್ಟರೆ ಅವ್ವ ಬೆರಳಿಗೆ ಹೊಡೆಯುತ್ತಿದ್ದಳು, ಅದೇ ಕೈಯಲ್ಲಿ ಟಾರ್ಚ್ ಹಿಡಿದರೆ ಮಾತ್ರ ಮಾವ ಏನೂ ಅನ್ನುತ್ತಿರಲಿಲ್ಲ. ಮಲ್ಲೇಶನ ಶೆಡ್ಡಿನಲ್ಲಿ ಛಾವಣಿ ಇಳಿಸಿದ್ದು ಪೂರಾ ಅವಳೇ. ಅವನು ಲೈಟು ಹಿಡಿದಿದ್ದ. ರೀಲಿನಲ್ಲಿ ತನ್ನ ಕೈಯಾರೆ ಅಂತ ಬರೆದಾಗ, ಖರೇ ಹೇಳು ಅಂದಳು. ಮದುವಿ ಆಗೋರು ನಾವು, ನಿಂದು ನಂದು ಏನೈತಿ ಅಂತ ಅವನು ನಕ್ಕ. ಆ ನಗುವಿಗೇ ನಿಶ್ಚಯ ಮುರಿದು ಬಂದಳು.

ಎಡಗೈ ಟಾರ್ಚ್ ನೆನಪಾಗಿ ಸಮಾಧಾನನಿಗೆ ತನ್ನ ತಲೆಗೇ ಸ್ಪ್ಯಾನರಿನಿಂದ ಹೊಡೆದುಕೊಳ್ಳಬೇಕು ಅನ್ನಿಸಿತು. ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಬಲವನ್ನು ಎಡ ಮಾಡಿ ತೋರಿಸುತ್ತದೆ, ಅಷ್ಟೂ ಹೊಳೆಯಲಿಲ್ಲ. ಶೀಲ್ಡು ಇಲ್ಲದೆ ನಗುತ್ತ ಯಾರಾದರೂ ಬೆಸೆಯುತ್ತಾರಾ? ಅದೂ ಹೊಳೆಯಲಿಲ್ಲ.

"ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ," ಅಂದಳು ಪೂನಮ. ದನಿ ಈಗ ಒಡೆದಿತ್ತು. "ಮೊದಲನೇ ದಿವಸ ಆ ಬೆಸುಗಿ ಮುಂದ ನೀವು ಉಸಿರಾಡೂದು ಮರತು ನಿಂತಿದ್ರಿ. ನಾ ಕಿಟಕ್ಯಾಗಿಂದ ನೋಡಿದೆ. ನನ್ನ ಕೆಲಸಾನ ಹಂಗ ಯಾರೂ ನೋಡಿರಲಿಲ್ಲ. ಅದಕ್ಕ ದಿನಾ ಬರತಿದ್ದೆ ನಾ. ಇಂಥಾ ಕೈ ನೋಡಿಲ್ಲ ಅಂದ್ರಲ್ಲ, ಆವತ್ತ ರಾತ್ರಿ ನಿದ್ದಿ ಮಾಡಲಿಲ್ಲ. ಅವ ನನ್ನ ಕೈ ತನ್ನದು ಅಂದ. ನೀವು ಕೊರದ್ರಿ."

ಬಳೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದು ಹೊರಟುಹೋದಳು.

ಆ ವಾರ ಅವಳು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಶಿರಗುಪ್ಪಿಗೆ ವಾಪಸು ಹೋದಳು ಅಂತ ನಬಿಸಾಬ ಸುದ್ದಿ ತಂದ. ಸಮಾಧಾನ ಬ್ರೇಕು ಮುಗಿಸಿದ, ವೈರಿಂಗು ಮುಗಿಸಿದ. ಕಂಬದ ಸೀಳಿಗೆ ಪುಟ್ಟಿ ಹಚ್ಚಿ ಮುಚ್ಚಬಹುದಿತ್ತು, ಕೈ ಹೋಗಲಿಲ್ಲ. ಅವಳು ಬೆಸೆದ ಆ ಗುಜರಿ ತಗಡನ್ನು ನೋಡಿದಾಗಲೆಲ್ಲ ಮರುಕ ಬರುತ್ತಿತ್ತು, ಅವಳ ಮೇಲಲ್ಲ, ತನ್ನ ಮೇಲೆ. ಇಷ್ಟು ದಿನ ಒಂದು ಕೈಯನ್ನು ಅಷ್ಟು ದ್ವೇಷಿಸಿ, ಅಷ್ಟು ಓದಿ, ಅಷ್ಟು ಮೆಚ್ಚಿ, ಆ ಕೈ ದಿನವೂ ತನಗೆ ಚಹಾ ಕೊಡುತ್ತಿದ್ದವಳದೇ ಅಂತ ತಿಳಿಯದೆ ಹೋದದ್ದಕ್ಕೆ. ನಬಿಸಾಬ ಸೀಟಿನ ಕುಷನ್ ತಂದು ಕೂಡಿಸಿ, ಗಾಡಿಯ ಬಾಗಿಲು ತೆರೆದು ಹಿಡಿದ. ಹೋಗು, ಇಲ್ಲಿ ಕೂತು ಅತ್ತರ ನನ್ನ ರೆಕ್ಸಿನ್ ಹಾಳಾಗ್ತೈತಿ ಅಂದ.

ಸೀಳಿದ ಕಂಬಕ್ಕೆ ಹಗ್ಗ ಬಿಗಿದು, ಫಾರ್ಗೋ ತಗೊಂಡು ಹೊರಟ. ಚಿಕ್ಕೋಡಿ ದಾಟಿ, ಅಂಕಲಿ ದಾಟಿ, ಕೃಷ್ಣೆಯ ಸೇತುವೆ ಮೇಲೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ದಾರಿಯಲ್ಲಿ ಜನ ಬೈಕು ನಿಲ್ಲಿಸಿ ಗಾಡಿ ನೋಡಿದರು, ಫೋಟೋ ಹೊಡೆದರು, ಯಾರು ಮಾಡಿದ್ದು ಅಂತ ಕೇಳಿದರು. ಶಿರಗುಪ್ಪಿಯ ಪೂನಮ ಅಂತ ಕೇಳಿದವರಿಗೆಲ್ಲ ಹೇಳಿದ. ಹೇಳುವಾಗ ಹೊಟ್ಟೆ ಉರಿಯುತ್ತದೇನೋ ಅಂತ ನೋಡಿಕೊಂಡ; ಇಲ್ಲ, ಹೆಮ್ಮೆ ಆಗುತ್ತಿತ್ತು. ಅದು ಅವನಿಗೆ ಹೊಸದು.

ಜಕ್ಕಪ್ಪನ ಶೆಡ್ಡಿನಲ್ಲಿ ಕಬ್ಬಿನ ಟ್ರೇಲರುಗಳು ಸಾಲಾಗಿ ನಿಂತಿದ್ದವು. ಗಂಡಸರ ಉದ್ದ ತೋಳಿನ ಅಂಗಿ ತೊಟ್ಟು ಪೂನಮ ಒಂದರ ಕೆಳಗೆ ಕೂತಿದ್ದಳು. ಎಂಜಿನ್ನಿನ ಸದ್ದಿಗೆ ತಲೆ ಎತ್ತಿದಳು. ಸಂತೋಷ ಆಗಿಬಿಟ್ಟಿತು ಅವಳಿಗೆ, ಅಜ್ಜನ ಗಾಡಿ ತಾನಾಗಿ ನಡೆದು ಬಂದದ್ದಕ್ಕೆ. ಅದನ್ನು ಮುಚ್ಚಿಕೊಳ್ಳಲು ಮುಖ ಬಿಗಿದಳು, ಸರಿಯಾಗಿ ಬಿಗಿಯಲಾಗಲಿಲ್ಲ. ಜಕ್ಕಪ್ಪ ಇಬ್ಬರನ್ನೂ ಒಮ್ಮೆ ನೋಡಿ, ಚಹಾ ಕುಡಿದು ಬರ್ತೀನಿ ಅಂತ ಎದ್ದುಹೋದ.

ಸಮಾಧಾನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ನೆನಪಿಗೆ ಬರಲಿಲ್ಲ.

"ಆ ಕೈ ಮ್ಯಾಲ ನನಗ ಹೊಟ್ಟಿಕಿಚ್ಚೂ ಇತ್ತು, ಮನಸೂ ಇತ್ತು," ಅಂದ. "ನಿಮ್ಮ ಮ್ಯಾಲೂ ಮನಸಿತ್ತು. ಎರಡೂ ಒಂದ ಅಂತ ಗೊತ್ತಿರಲಿಲ್ಲ. ಕೇಳಬೇಕಾಗಿತ್ತು, ಕೇಳಲಿಲ್ಲ. ಅಂಜಿದ್ದೆ."

ಪೂನಮ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಸೀಳನ್ನು ನೋಡಿದಳು. ಆಚೆ ಕಡೆಯ ಕಂಬದಲ್ಲಿ ಹಳೇ ಬೆಸುಗೆ ಹಾಗೇ ಇತ್ತು, ಅದನ್ನೂ ನೋಡಿದಳು. ಒಳಗೆ ಹೋಗಿ ಗ್ರೈಂಡರ್ ತಂದು ಅವನ ಕೈಯಲ್ಲಿಟ್ಟಳು.

"ಅದನ್ನೂ ಕೊರೀರಿ. ಅದು ಅವನ ಶೆಡ್ಡಿನ್ಯಾಗ, ಅವನ ಜೋಡಿ ಸಂಸಾರ ಮಾಡ್ತೀನಿ ಅಂತ ಕನಸ ಕಾಣಕೋತ ಮಾಡಿದ್ದು. ನಿಮಗ ಅದ ಅಲ್ಲೇನ ಉರಿ?"

ಉರಿ ಅದೇ. ಈಗ ಕೇಳಿದ ಮೇಲೆ ಇನ್ನೂ ಹೆಚ್ಚಾಗಿತ್ತು. ಸಮಾಧಾನ ಗ್ರೈಂಡರ್ ಹಿಡಿದು ಆಚೆ ಕಡೆ ಹೋದ. ಗುಂಡಿಯ ಮೇಲೆ ಬೆರಳಿಟ್ಟ. ಇಲ್ಲೂ ತಿರುವಿನಲ್ಲಿ ಉಸಿರು ತಗೊಂಡ ಜಾಗ ಕಂಡಿತು, ಇಲ್ಲೂ ಮುಚ್ಚಿಡದೆ ಬಿಟ್ಟ ಒಂದು ತಪ್ಪು ಕಂಡಿತು. ಯಾರ ಕನಸು ಕಾಣುತ್ತ ಮಾಡಿದ್ದಾದರೂ ಏನು, ಮಾಡಿದವಳು ಇವಳು. ಕೈ ಮುಂದೆ ಹೋಗಲಿಲ್ಲ. ಗ್ರೈಂಡರನ್ನು ನೆಲದ ಮೇಲಿಟ್ಟ.

"ನನ್ನಿಂದ ಆಗೂದಿಲ್ರಿ. ಇದು ಇರಲಿ."

ಪೂನಮ ತುಟಿ ಕಚ್ಚಿಕೊಂಡಳು. ಈ ಸಲ ತಡೆದದ್ದು ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. ಅವಳು ಕೇಬಲ್ ಎಳೆದು ತಂದಳು, ಡ್ರೈವರ್ ಕಡೆಗೆ ಬಂದು ಹಗ್ಗ ಬಿಚ್ಚಿದಳು, ಕಂಬ ಹಿಡೀರಿ ಅಂದಳು. ಅವನು ಎರಡೂ ಕೈಯಿಂದ ಕಂಬವನ್ನು ಒತ್ತಿ ಹಿಡಿದ, ಸೀಳಿನ ಎರಡು ತುಟಿ ಕೂಡಿದವು. ಅವಳು ಶೀಲ್ಡು ಕೆಳಗಿಳಿಸಲು ಕೈ ಎತ್ತಿದಳು. ಮುಖಕ್ಕೆ ಮುಖ ಒಂದು ಮೊಳ ದೂರವೂ ಇರಲಿಲ್ಲ. ಅವಳ ಹಣೆಯ ಬೆವರು ಕಾಣುತ್ತಿತ್ತು.

"ಒಂದ ಮಾತು ಕೇಳ್ಲಿ?"

"ಕೇಳ್ರಿ. ಇಷ್ಟು ದಿನ ಕೇಳಿರಲಿಲ್ಲಲ್ಲ."

"ಅವ ನಿಮಗ ಮನಸಿಗೆ ಬಂದಿದ್ದನೇನು?"

ಪೂನಮ ಅವನ ಕಣ್ಣನ್ನೇ ನೋಡಿದಳು. "ಹೌದ್ರಿ. ಬಂದಿದ್ದ."

ಸಮಾಧಾನನಿಗೆ ಉರಿಯಿತು, ಚೆನ್ನಾಗಿಯೇ ಉರಿಯಿತು. ಕಂಬ ಮಾತ್ರ ಬಿಡಲಿಲ್ಲ.

"ಈಗ?"

ಅವಳು ಶೀಲ್ಡು ಕೆಳಗಿಳಿಸಿದಳು. ಎಡಗೈ ಟಾರ್ಚ್ ಹಿಡಿಯಿತು. ಬಲಗೈ ಬಂದು, ಕಂಬದ ಮೇಲಿದ್ದ ಅವನ ಬೆರಳುಗಳ ಮೇಲೆ ಕೂತು, ಗಟ್ಟಿಯಾಗಿ ಒತ್ತಿ ಹಿಡಿಯಿತು.

"ಈಗ ಅಲುಗಬ್ಯಾಡ್ರಿ," ಅಂದಳು. "ಕಣ್ಣ ಮುಚ್ಚ್ರಿ."